ಮೊದಲು ಎಂಜಿನ್, ಆಮೇಲೆ ಕಾರು

2017ರಲ್ಲಿ ಮರ್ಸಿಡಿಸ್ ಬೆಂಜ್‌ನ ಉದ್ದನೆಯ ಇ-ಕ್ಲಾಸ್ ಭಾರತಕ್ಕೆ ಬಂದಾಗ ಅದರ ಇ 220ಡಿ ಮಾದರಿಯ ಶೋರೂಮ್ ಬೆಲೆ 57 ಲಕ್ಷದ ಆಸುಪಾಸಿನಲ್ಲಿತ್ತು. ಕರ್ನಾಟಕದ ಜೀವಿತಾವಧಿ ತೆರಿಗೆ, ವಿಮೆ ಎಲ್ಲ ಸೇರಿ ಬೆಂಗಳೂರಿನ ರಸ್ತೆಗಿಳಿಯುವ ಹೊತ್ತಿಗೆ 70 ಲಕ್ಷ ಮುಟ್ಟುತ್ತಿತ್ತು. ಇವತ್ತು ಆ ಕಾರು ಅದರ ಅರ್ಧಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಹೊಸ ಇನ್ನೋವಾ ಹೈಕ್ರಾಸ್ ಕೊಳ್ಳಲು ಹೊರಟವರು ದಾರಿಯಲ್ಲಿ ಮನಸ್ಸು ಬದಲಿಸಿ ಬೆಂಜ್ ಮನೆಗೆ ತರುವುದು ಇದರಿಂದಲೇ. ಆದರೆ ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಇಂಜೆಕ್ಟರ್, ಟರ್ಬೊ, ಗೇರ್‌ಬಾಕ್ಸ್‌ನ ಕಂಟ್ರೋಲ್ ಯೂನಿಟ್, ಹೆಡ್‌ಲ್ಯಾಂಪ್ ಎಲ್ಲಕ್ಕೂ ಇವತ್ತಿಗೂ 70 ಲಕ್ಷದ ಕಾರಿನ ದರವೇ. ಎಷ್ಟೋ ಭಾಗಗಳ ದರ ವರ್ಷದಿಂದ ವರ್ಷಕ್ಕೆ ಏರಿಯೂ ಇದೆ.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಕಾರಿನ ಹೆಸರು, ಆಮೇಲೆ ಬಣ್ಣ, ಸನ್‌ರೂಫ್, ಓಡಿದ ಕಿಲೋಮೀಟರ್. ಪೆಟ್ರೋಲೋ ಡೀಸೆಲ್ಲೋ ಎಂದು ಕೇಳಿದಲ್ಲಿಗೆ ಎಂಜಿನ್ ವಿಚಾರ ಮುಗಿಯುತ್ತದೆ. ಈ ಕ್ರಮ ತಲೆಕೆಳಗಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಮೈಕಟ್ಟಿನ, ಒಂದೇ ಹೆಸರಿನ ಕಾರಿನಲ್ಲಿ ಕಂಪನಿಗಳು ನಾಲ್ಕೈದು ಬಗೆಯ ಎಂಜಿನ್ ಕೂರಿಸಿವೆ. ಒಂದು ಎಂಜಿನ್ ಎರಡು ಲಕ್ಷ ಕಿಲೋಮೀಟರ್ ದಾಟಿದರೂ ತಕರಾರು ಮಾಡುವುದಿಲ್ಲ, ಇನ್ನೊಂದು ಒಂದು ಲಕ್ಷದೊಳಗೇ ಗೇರ್‌ಬಾಕ್ಸ್ ಇಳಿಸುವ ಕೆಲಸಕ್ಕೆ ಬರುತ್ತದೆ. ಎರಡೂ ಹೊರಗಿನಿಂದ ಒಂದೇ ಥರ ಹೊಳೆಯುತ್ತಿರುತ್ತವೆ.

ನಮ್ಮ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹಳೆಯ ಡೀಸೆಲ್‌ಗಳೇ ಏಕೆ ತುಂಬಿವೆ ಎಂಬುದಕ್ಕೆ ಒಂದು ಚರಿತ್ರೆಯಿದೆ. ಮರ್ಸಿಡಿಸ್ 1995ರಲ್ಲೇ ಪುಣೆಯಲ್ಲಿ ಇ-ಕ್ಲಾಸ್ ಜೋಡಿಸತೊಡಗಿತ್ತು. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈನಲ್ಲಿ ಕಾರ್ಖಾನೆ ತೆರೆಯಿತು, ಆಡಿ ಔರಂಗಾಬಾದಿಗೆ ಬಂತು. ಆಗ ಡೀಸೆಲ್‌ಗೆ ಸರ್ಕಾರದ ಸಬ್ಸಿಡಿ ಇತ್ತು. 2012ರಲ್ಲಿ ಡೀಸೆಲ್ ಪೆಟ್ರೋಲಿಗಿಂತ ಲೀಟರಿಗೆ 30 ರೂಪಾಯಿಗೂ ಹೆಚ್ಚು ಅಗ್ಗವಾಗಿದ್ದ ದಿನಗಳಿದ್ದವು. 40 ಲಕ್ಷದ ಕಾರು ಕೊಳ್ಳುವವರೂ ಮೈಲೇಜ್ ಲೆಕ್ಕ ಹಾಕಿ ಡೀಸೆಲ್ಲನ್ನೇ ಆರಿಸಿದರು. 320ಡಿ, 520ಡಿ, ಇ 250 ಸಿಡಿಐ, ಎ4 ಮತ್ತು ಎ6 ಟಿಡಿಐಗಳು ಕಂಪನಿಗಳ ಅನ್ನದ ಬಟ್ಟಲಾದವು.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣ ಪೂರ್ತಿ ಹೋಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್‌ನ ಇಎ189 ಡೀಸೆಲ್ ಎಂಜಿನ್ನಿನ ಹೊಗೆ ಪರೀಕ್ಷೆಯ ಮೋಸವನ್ನು ಬಯಲಿಗೆಳೆಯಿತು. ಭಾರತದಲ್ಲೂ ಆಡಿ, ಸ್ಕೋಡಾ, ಫೋಕ್ಸ್‌ವ್ಯಾಗನ್ ಸೇರಿ 3.23 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿ ಸಾಫ್ಟ್‌ವೇರ್ ಬದಲಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯದಲ್ಲಿ 2,000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮರ್ಸಿಡಿಸ್‌ನ ನಾಲ್ಕು ಸಿಲಿಂಡರಿನ ಡೀಸೆಲ್ 2,143 ಸಿಸಿ, ಹಾಗಾಗಿ ಅದು ನಿಷೇಧದೊಳಗೆ ಬಿತ್ತು. ಬಿಎಂಡಬ್ಲ್ಯುವಿನದು 1,995, ಆಡಿಯದು 1,968, ಅವೆರಡೂ ಕೂದಲೆಳೆಯಲ್ಲಿ ಪಾರಾದವು. 2016ರ ಆಗಸ್ಟಿನಲ್ಲಿ ಶೇ 1ರ ಹಸಿರು ಸೆಸ್ ವಿಧಿಸಿ ಕೋರ್ಟು ನಿಷೇಧ ತೆಗೆಯಿತಾದರೂ, ಅಷ್ಟರಲ್ಲಿ ಮರ್ಸಿಡಿಸ್ ಪೆಟ್ರೋಲ್ ಮಾದರಿಗಳಿಗೆ ಒತ್ತು ಕೊಟ್ಟಾಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಕಡ್ಡಾಯವಾದಾಗ ಆಡಿ ಭಾರತದಲ್ಲಿ ಡೀಸೆಲ್ಲನ್ನೇ ಕೈಬಿಟ್ಟಿತು.

ಹೀಗಾಗಿ ಇವತ್ತು ಮಾರಾಟಕ್ಕೆ ನಿಂತಿರುವ ಸಾಲಿನಲ್ಲಿ ಮೂರು ಕಾಲದ ಕಾರುಗಳಿವೆ: 2014ರವರೆಗಿನ ಡೀಸೆಲ್‌ಗಳು, 2015ರಿಂದ 2019ರವರೆಗಿನ ಮಿಶ್ರ ಕಾಲದವು, ಆಮೇಲಿನ ಬಿಎಸ್6 ಕಾರುಗಳು. ಮೊದಲ ಗುಂಪಿನ ಬೆಲೆಯೇ ಎಲ್ಲಕ್ಕಿಂತ ಮೋಹಕ, ಎಂಜಿನ್ ಚರಿತ್ರೆ ಎಲ್ಲಕ್ಕಿಂತ ತೊಡಕಿನದು.

ಬಿಎಂಡಬ್ಲ್ಯುವಿನ ಎನ್47 ಡೀಸೆಲ್ಲನ್ನೇ ನೋಡಿ. 2007ರಲ್ಲಿ ಬಂದ ಈ ಎರಡು ಲೀಟರಿನ ಎಂಜಿನ್ ಓಡಿಸಲು ಬಹಳ ಚೆನ್ನ. ಪಿಕಪ್ಪೂ ಇದೆ, ಮೈಲೇಜೂ ಇದೆ. ಆದರೆ ಇದರ ಟೈಮಿಂಗ್ ಚೈನನ್ನು ಎಂಜಿನ್ನಿನ ಮುಂಭಾಗದಲ್ಲಿಡದೆ ಹಿಂದೆ, ಗೇರ್‌ಬಾಕ್ಸ್ ಕಡೆಗೆ ಇಟ್ಟಿದ್ದಾರೆ. ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಗೆ ತಕ್ಕಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವುದು ಈ ಚೈನ್. 2011ರವರೆಗಿನ ಎಂಜಿನ್‌ಗಳಲ್ಲಿ ಮುಖ್ಯವಾಗಿ ಈ ಚೈನೂ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಗೈಡುಗಳೂ ಬೇಗ ಸವೆದು ಅನೇಕ ದೇಶಗಳಲ್ಲಿ ದೂರು ಬಂದವು. ಚೈನ್ ಸಡಿಲವಾದಾಗ ಹಿಂದಿನಿಂದ ಕೆರೆದಂಥ ಸದ್ದು ಬರುತ್ತದೆ. ಅದನ್ನು ಕಡೆಗಣಿಸಿದರೆ ಒಂದು ದಿನ ಚೈನ್ ಹಲ್ಲು ಜಾರುತ್ತದೆ ಅಥವಾ ತುಂಡಾಗುತ್ತದೆ, ಪಿಸ್ಟನ್ ಹೋಗಿ ವಾಲ್ವುಗಳಿಗೆ ಹೊಡೆಯುತ್ತದೆ, ಅಲ್ಲಿಗೆ ಎಂಜಿನ್ ಮುಗಿಯಿತು. ಬರೇ ಚೈನ್ ಬದಲಿಸಬೇಕೆಂದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಅಥವಾ ಎಂಜಿನ್ನನ್ನೇ ಹೊರತೆಗೆಯಬೇಕು. ಭಾಗದ ಬೆಲೆಗಿಂತ ಕೂಲಿಯೇ ಹೆಚ್ಚು. ಹಾಗಾಗಿ 2011ರ ಒಂದು 320ಡಿ ಅಗ್ಗಕ್ಕೆ ಸಿಕ್ಕಿತೆಂದರೆ ಕೇಳಬೇಕಾದ ಮೊದಲ ಪ್ರಶ್ನೆ, ಚೈನ್ ಬದಲಾಗಿದೆಯೇ, ಬಿಲ್ ಎಲ್ಲಿದೆ ಎಂಬುದು. ಬಿಲ್ಲಿದ್ದರೆ ಅದು ಒಳ್ಳೆಯ ಕಾರು. ಇಲ್ಲವಾದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯದೆ ಮಾತು ಮುಂದುವರಿಸಬಾರದು. 2014ರಲ್ಲಿ ಇದರ ಜಾಗಕ್ಕೆ ಬಿ47 ಬಂತು. ಚೈನ್ ಅಲ್ಲೂ ಹಿಂದೆಯೇ ಇದೆ, ಆದರೆ ಆ ಕುಖ್ಯಾತಿ ಅದಕ್ಕಂಟಲಿಲ್ಲ. ನಮ್ಮಲ್ಲಿ 2016ರ ಆರಂಭದ ಪರಿಷ್ಕೃತ 3 ಸರಣಿಯಿಂದ ಆ ಎಂಜಿನ್ ಸಿಗುತ್ತದೆ. ಒಂದೆರಡು ವರ್ಷದ ವ್ಯತ್ಯಾಸಕ್ಕೆ ಒಂದೂವರೆ ಎರಡು ಲಕ್ಷ ಹೆಚ್ಚು ಕೊಡಬೇಕಾಗಿ ಬಂದರೂ ಕೊಡುವುದೇ ಲೇಸು. ಎರಡೂ ಡೀಸೆಲ್‌ಗಳಲ್ಲಿ ಇನ್ನೊಂದು ವಿಚಾರಣೆ ಬಾಕಿ ಇರುತ್ತದೆ: ಇಜಿಆರ್ ಕೂಲರ್, ಅಂದರೆ ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಂಪುಗೊಳಿಸುವ ಭಾಗ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್‌ಗಳಿಗೆ ಸಾಲುಸಾಲಾಗಿ ಬೆಂಕಿ ಹತ್ತಿಕೊಂಡ ಮೇಲೆ ಹಲವು ದೇಶಗಳಲ್ಲಿ ಕಂಪನಿ ಈ ಭಾಗಕ್ಕಾಗಿ ಕಾರುಗಳನ್ನು ವಾಪಸ್ ಕರೆಸಿತು. ಚಾಸಿ ನಂಬರ್ ಕೊಟ್ಟರೆ ಆ ಕೆಲಸ ಬಾಕಿಯಿದೆಯೇ ಎಂಬುದನ್ನು ಕಂಪನಿಯ ಸರ್ವಿಸ್ ಸೆಂಟರ್ ಹೇಳುತ್ತದೆ.

ಮರ್ಸಿಡಿಸ್‌ನ ಒಎಂ651 ಡೀಸೆಲ್‌ಗೂ ಚೈನ್ ಹಿಂಬದಿಯಲ್ಲೇ. ಆದರೂ ಅದು ಒಟ್ಟಿನಲ್ಲಿ ಗಟ್ಟಿ ಜಾತಿಯ ಎಂಜಿನ್. ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ದುಡಿದ ಇ-ಕ್ಲಾಸ್‌ಗಳು ಯುರೋಪಿನಲ್ಲಿ ಎಷ್ಟೋ ಇವೆ. ಅದರ ಮೊದಲ ಕಾಲದ ಪೀಜೊ ಇಂಜೆಕ್ಟರುಗಳು ಮಾತ್ರ ಕೈಕೊಟ್ಟು, ಕಂಪನಿಯೇ ಅವನ್ನು ಸಾಲೆನಾಯ್ಡ್ ಬಗೆಯವಕ್ಕೆ ಬದಲಿಸಿತು. ಸದ್ದು ಕೊಂಚ ಒರಟು. ಐಷಾರಾಮಿ ಕಾರಿನಲ್ಲಿ ಕೂತಿದ್ದೇವೆಂದು ಮರೆಸುವಷ್ಟು ಒರಟು ಎನ್ನುವವರಿದ್ದಾರೆ, ಸಿಗ್ನಲ್ಲಿನಲ್ಲಿ ನಿಂತಾಗ ಅದು ನಿಜವೇ. 2016ರಲ್ಲಿ ಬಂದ ಒಎಂ654 ಈ ದೂರನ್ನು ತೊಡೆದುಹಾಕಿತು. ಅಲ್ಯೂಮಿನಿಯಂ ಬ್ಲಾಕ್, ಉಕ್ಕಿನ ಪಿಸ್ಟನ್, 1,950 ಸಿಸಿ. ಲೇಖನದ ಮೊದಲಲ್ಲಿ ಹೇಳಿದ ಇ 220ಡಿಯಲ್ಲಿರುವುದು ಇದೇ. ನಾಲ್ಕು ಸಿಲಿಂಡರಿನ ಡೀಸೆಲ್ಲುಗಳಲ್ಲಿ ನಾನು ಕಣ್ಣುಮುಚ್ಚಿ ಹೆಸರಿಸುವುದು ಇದೊಂದನ್ನೇ.

ಆರು ಸಿಲಿಂಡರಿನ ಡೀಸೆಲ್ಲುಗಳಲ್ಲಿ ಮರ್ಸಿಡಿಸ್‌ನ ವಿ6 ಒಎಂ642 ಹೆಚ್ಚು ಕಾಣಸಿಗುತ್ತದೆ. ಅದರ ಆಯಿಲ್ ಕೂಲರ್ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯ ತಳದಲ್ಲಿ ಕೂತಿದೆ. ಅದಕ್ಕೆ ಮೊದಲು ಹಾಕಿದ್ದ ಕಿತ್ತಳೆ ಬಣ್ಣದ ಸೀಲುಗಳು ಬಿಸಿಗೆ ಗಡುಸಾಗಿ ಆಯಿಲ್ ಸೋರುತ್ತವೆ. ಆಮೇಲೆ ನೇರಳೆ ಬಣ್ಣದ ಬೇರೆ ರಬ್ಬರಿನ ಸೀಲ್ ಬಂತು. ಸೀಲಿನ ಬೆಲೆ ಏನೂ ಅಲ್ಲ. ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಟರ್ಬೊ, ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕು. ಇಂಥ ಕಾರಿನ ಖರ್ಚು ಅಡಗಿರುವುದು ಇಂಥ ಕಡೆ: ಅಗ್ಗದ ವಸ್ತು ದುಬಾರಿ ಜಾಗದಲ್ಲಿ ಕೂತಿರುತ್ತದೆ. ಜಾಗ್ವಾರ್ ಎಕ್ಸ್‌ಎಫ್‌ನ ಎರಡು ಲೀಟರಿನ ಇಂಜೀನಿಯಂ ಡೀಸೆಲ್ಲಿನ ತೊಂದರೆ ಬೇರೆ. ಬರೇ ಊರೊಳಗೆ ಓಡಿಸಿದರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಬೆರೆತು ಆಯಿಲ್ ತೆಳುವಾಗುತ್ತದೆ.

ಆ ಬೆರಕೆಯ ಮೂಲ ಡಿಪಿಎಫ್, ಅಂದರೆ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್. ಹಿಡಿದ ಮಸಿಯನ್ನು ಆಗಾಗ 550-600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿ ಮಾಡಬೇಕು. ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿದರೆ ಆ ಕೆಲಸ ತಾನಾಗಿ ಆಗುತ್ತದೆ. ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ ಒಂದು ಗಂಟೆ ತೆವಳುವ ಕಾರಿನಲ್ಲಿ ಆ ಶಾಖ ಹುಟ್ಟುವುದೇ ಇಲ್ಲ. ಆಗ ಎಂಜಿನ್ ಹೆಚ್ಚುವರಿ ಡೀಸೆಲ್ ಸುರಿದು ಶಾಖ ಎಬ್ಬಿಸಲು ನೋಡುತ್ತದೆ, ನೀವು ಅಷ್ಟರಲ್ಲಿ ಆಫೀಸು ತಲುಪಿ ಇಗ್ನಿಷನ್ ಆಫ್ ಮಾಡಿರುತ್ತೀರಿ, ಅರ್ಧ ಸುಟ್ಟ ಮಸಿ ಅಲ್ಲೇ, ಉಳಿದ ಡೀಸೆಲ್ ಆಯಿಲ್ ಸಂಪಿಗೆ. ಎಷ್ಟೋ ಬಿಎಸ್6 ಡೀಸೆಲ್‌ಗಳಲ್ಲಿ ಇದರ ಜೊತೆಗೆ ಆಡ್‌ಬ್ಲೂ ಎಂಬ ದ್ರವದಿಂದ ಹೊಗೆಯನ್ನು ಶುದ್ಧಗೊಳಿಸುವ ವ್ಯವಸ್ಥೆಯೂ ಇರುತ್ತದೆ. ದಿನಕ್ಕೆ 15 ಕಿಲೋಮೀಟರ್ ಓಡಿಸುವ ಬೆಂಗಳೂರಿಗರಿಗೆ ಡೀಸೆಲ್ ಸೆಡಾನ್ ಇವತ್ತು ತಪ್ಪು ಆಯ್ಕೆ. ಇದನ್ನು ನಾನು ಯಾವ ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಎಂದು ವಾರವಾರವೂ ಹೊರಡುವ ವ್ಯಾಪಾರಿಗಳ, ಗುತ್ತಿಗೆದಾರರ ಮಾತು ಬೇರೆ. ಅವರಿಗೆ ಡೀಸೆಲ್ಲಿಗೆ ಸಾಟಿ ಇಲ್ಲ.

ಹಾಗೆಂದು ಪೆಟ್ರೋಲೆಂಬ ಒಂದೇ ಕಾರಣಕ್ಕೆ ಯಾವುದೋ ಪೆಟ್ರೋಲ್ ಕಾರು ಒಪ್ಪಿಕೊಂಡರೂ ಕಷ್ಟ. 2009ರಿಂದ 2011ರವರೆಗಿನ ಆಡಿ ಎ4ಗಳಲ್ಲಿರುವ ಇಎ888 ಎಂಜಿನ್ನಿನ ಎರಡನೇ ತಲೆಮಾರು ಆಯಿಲ್ ಕುಡಿಯುವುದಕ್ಕೆ ಹೆಸರುವಾಸಿ. ಪಿಸ್ಟನ್ ರಿಂಗುಗಳು ತೆಳು, ಆಯಿಲ್ ವಾಪಸ್ ಹರಿಯುವ ತೂತುಗಳು ಕಿರಿದು, ಅವು ಕಟ್ಟಿಕೊಂಡರೆ ಆಯಿಲ್ ಮೇಲೇರಿ ಸುಡುತ್ತದೆ. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋಗಿ ಕಂಪನಿ ರಾಜಿ ಮಾಡಿಕೊಂಡ ಪ್ರಕರಣ ಇದು. ಮೂರನೇ ತಲೆಮಾರಿನ ಇಎ888 ಮಾತ್ರ ಒಳ್ಳೆಯದು. 2019ರ ಅಕ್ಟೋಬರಿನ ನಂತರದ ಎ6 45 ಟಿಎಫ್‌ಎಸ್‌ಐ ಧೈರ್ಯವಾಗಿ ನೋಡಬಹುದಾದ ಕಾರು. ಮರ್ಸಿಡಿಸ್‌ನ 1.8 ಲೀಟರಿನ ಎಂ271 ಪೆಟ್ರೋಲ್, ಹಳೆಯ ಸಿ 200 ಮತ್ತು ಇ 200ಗಳಲ್ಲಿರುವುದು, ಚೈನ್ ಹಿಗ್ಗುವ ಮತ್ತು ಕ್ಯಾಮ್‌ನ ಹಲ್ಲು ಸವೆಯುವ ಎಂಜಿನ್. ಬಿಎಂಡಬ್ಲ್ಯುವಿನ ಎನ್20, 328ಐ ಮತ್ತು 520ಐಗಳಲ್ಲಿರುವುದು, ಸುಮಾರು 2015ರವರೆಗೆ ಪ್ಲಾಸ್ಟಿಕ್ ಚೈನ್ ಗೈಡುಗಳಿಂದ ಕೆಟ್ಟ ಹೆಸರು ಪಡೆಯಿತು. ಗೈಡ್ ಒಡೆದು ಚೂರುಗಳು ಸಂಪಿಗೆ ಬೀಳುತ್ತವೆ, ಅಲ್ಲಿಂದ ಆಯಿಲ್ ಪಂಪಿನ ಬಾಯಿಗೆ. ಆಯಿಲ್ ಬದಲಿಸುವಾಗ ಹಳೆಯ ಆಯಿಲನ್ನು ಬಟ್ಟೆಯಲ್ಲಿ ಸೋಸಿ ಚಹಾಬಣ್ಣದ ಪ್ಲಾಸ್ಟಿಕ್ ಚೂರು ಇದೆಯೇ ಎಂದು ನೋಡುವ ಮೆಕ್ಯಾನಿಕ್ ಸಿಕ್ಕರೆ ಅವನನ್ನು ಬಿಡಬೇಡಿ.

ಎನ್20ರ ಜಾಗಕ್ಕೆ ಬಂದ ಬಿ48 ಈ ವರ್ಗದಲ್ಲಿ ಅತ್ಯುತ್ತಮ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂದು ನಾನು ಭಾವಿಸುತ್ತೇನೆ. 2017ರ 530ಐ, 2019ರ ಆಗಸ್ಟಿನಲ್ಲಿ ಬಂದ 330ಐ ಎರಡರಲ್ಲೂ ಅದೇ. ತಂಪುಗೊಳಿಸುವ ವ್ಯವಸ್ಥೆಯ ಪ್ಲಾಸ್ಟಿಕ್ ಪೈಪುಗಳು ಸೋರುವುದುಂಟು. ಕೂಲಂಟ್ ಬಾಟಲಿಯ ಮಟ್ಟ ತಿಂಗಳಿಗೊಮ್ಮೆ ನೋಡಿಕೊಂಡರೆ ಅದು ದೊಡ್ಡ ತೊಂದರೆಯಾಗುವುದಿಲ್ಲ. ಮರ್ಸಿಡಿಸ್‌ನಲ್ಲಿ ಎಂ274, ಆಮೇಲಿನ ಎಂ264 ಎರಡೂ ಎಂ271ಕ್ಕಿಂತ ಎಷ್ಟೋ ಮೇಲು. ಇನ್ನು ನೇರ ಇಂಜೆಕ್ಷನ್ನಿನ ಎಲ್ಲ ಪೆಟ್ರೋಲ್ ಎಂಜಿನ್ನುಗಳಿಗೂ ಒಂದು ಸಮಾನ ಕಾಯಿಲೆಯಿದೆ. ಪೆಟ್ರೋಲ್ ವಾಲ್ವಿನ ಬೆನ್ನ ಮೇಲೆ ಬೀಳದೆ ನೇರ ಸಿಲಿಂಡರಿಗೆ ಹೋಗುವುದರಿಂದ ಅಲ್ಲಿ ಇಂಗಾಲ ಕಟ್ಟುತ್ತದೆ, ಎಂಜಿನ್ ಮಿಸ್ಸಿಂಗ್ ಹೊಡೆಯತೊಡಗುತ್ತದೆ. ಅಕ್ರೂಟಿನ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಅದನ್ನು ಉದುರಿಸುವ ವಿಧಾನ ಈಗ ಬೆಂಗಳೂರಿನ ಒಳ್ಳೆಯ ಗ್ಯಾರೇಜುಗಳಿಗೂ ಬಂದಿದೆ.

ಪೆಟ್ರೋಲ್ ಆರಿಸುವವರು ಕೇಳಲೇಬೇಕಾದ ಹೊಸ ಪ್ರಶ್ನೆ ಎಥೆನಾಲ್. ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇ 20 ಎಥೆನಾಲ್ ಬೆರೆಸಿದ ಇ20. ಭಾರತದಲ್ಲಿ ಅದಕ್ಕೆ ಹೊಂದುವಂತೆ ಕಾರು ತಯಾರಾಗತೊಡಗಿದ್ದು 2023ರ ಏಪ್ರಿಲ್‌ನಿಂದ. ಟ್ಯಾಂಕಿನ ಮುಚ್ಚಳ ತೆರೆದು ಅದರ ಒಳಬದಿಯ ಚೀಟಿ ಓದಿ. ಎಷ್ಟೋ ಜರ್ಮನ್ ಕಾರುಗಳಲ್ಲಿ ಗರಿಷ್ಠ ಇ10 ಎಂದೇ ಬರೆದಿರುತ್ತದೆ, ಆಕ್ಟೇನ್ 95 ಬೇಕೆಂದೂ ಇರುತ್ತದೆ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯ ಒಂದು ಲೀಟರಿನಲ್ಲಿ ಶೇ 6-7ರಷ್ಟು ಶಕ್ತಿ ಕಡಿಮೆ. ಮೈಲೇಜ್ ಅಷ್ಟರಮಟ್ಟಿಗೆ ಇಳಿಯುವುದನ್ನು ಸಹಿಸಬಹುದು. ಹತ್ತು ಹನ್ನೆರಡು ವರ್ಷದ ಕಾರಿನ ರಬ್ಬರ್ ಹೋಸು, ಸೀಲು, ಪೆಟ್ರೋಲ್ ಪಂಪುಗಳೇ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು. ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿಗೆ ಇದು ಇನ್ನೂ ಕೆಟ್ಟದ್ದು, ಎಥೆನಾಲ್ ಗಾಳಿಯ ತೇವ ಹೀರುತ್ತದೆ. 2010ರ ಪೆಟ್ರೋಲ್ ಬೆಂಜ್ ಕೊಂಡು ಮನೆಮುಂದೆ ನಿಲ್ಲಿಸಿ ಭಾನುವಾರ ಮಾತ್ರ ತೆಗೆಯುವ ಯೋಚನೆ ಇದ್ದವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು.

ಟರ್ಬೊ ಇಲ್ಲದ ಹಳೆಯ ಆರು ಸಿಲಿಂಡರಿನ ಪೆಟ್ರೋಲ್‌ಗಳನ್ನು, ವಿಶೇಷವಾಗಿ ಬಿಎಂಡಬ್ಲ್ಯುವಿನ ಎನ್52 ಅನ್ನು, ಪ್ರೀತಿಸುವವರು ಇದ್ದೇ ಇದ್ದಾರೆ, ನಾನೂ ಅವರಲ್ಲೊಬ್ಬ. ಸದ್ದಿನಲ್ಲಿ, ನಯದಲ್ಲಿ ಅದಕ್ಕೆ ಎದುರಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸುಮಾರು ಶೇ 9ರಷ್ಟು ವಿರಳ, ಟರ್ಬೊ ಇಲ್ಲದ ಎಂಜಿನ್ ಅಷ್ಟು ಬಲ ಬಿಟ್ಟುಕೊಡುತ್ತದೆ, ಅದು ಹೆಚ್ಚೇನಲ್ಲ. ವಿದ್ಯುತ್ ವಾಟರ್ ಪಂಪ್ ಮುನ್ಸೂಚನೆಯಿಲ್ಲದೆ ನಿಲ್ಲುವುದೇ ಅದರ ದೊಡ್ಡ ದೋಷ. ಮರ್ಸಿಡಿಸ್‌ನ ವಿ6 ಎಂ272 ಬೇಕೆಂದರೆ 2007ಕ್ಕಿಂತ ಹಿಂದಿನದನ್ನು ಬಿಟ್ಟುಬಿಡಿ. ಅವುಗಳ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಚಕ್ರ ಸವೆದರೆ ಎಂಜಿನ್ ಇಳಿಸದೆ ಗತಿಯಿಲ್ಲ.

ಈ ಜರ್ಮನ್ ಚರ್ಚೆಯಲ್ಲಿ ನಮ್ಮವರು ಮರೆಯುವ ಕಾರೊಂದು ನಮ್ಮ ರಾಮನಗರದ ದಾರಿಯಲ್ಲೇ ತಯಾರಾಗುತ್ತದೆ. ಲೆಕ್ಸಸ್ ಇಎಸ್ 300ಎಚ್ 2017ರಲ್ಲಿ ಭಾರತಕ್ಕೆ ಬಂತು. 2020ರಿಂದ ಅದನ್ನು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದಾರೆ. 2,487 ಸಿಸಿಯ ಪೆಟ್ರೋಲ್ ಎಂಜಿನ್ನಿಗೆ ಮೋಟಾರು ಜೊತೆಯಾಗಿರುವ ಹೈಬ್ರಿಡ್ ಇದು. ಟರ್ಬೊ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಕೆಡಬಹುದಾದ ವಸ್ತುಗಳೇ ಕಡಿಮೆ. ಇಂಜೆಕ್ಷನ್ ಎರಡೂ ಬಗೆಯದಿರುವುದರಿಂದ ವಾಲ್ವಿನ ಮೇಲೆ ಇಂಗಾಲ ಕಟ್ಟುವ ಭಯವೂ ಇಲ್ಲ. ಡೀಸೆಲ್ ಸೋಲುವ ಟ್ರಾಫಿಕ್ಕಿನಲ್ಲೇ ಇದು ಗೆಲ್ಲುತ್ತದೆ, ನಿಂತು ಹೊರಡುವ ಪ್ರತಿ ಸಲ ಬ್ಯಾಟರಿ ಎಂಜಿನ್ನಿಗೆ ಬಿಡುವು ಕೊಡುತ್ತದೆ. ಅದೇ ಕಾರ್ಖಾನೆಯ ಕ್ಯಾಮ್ರಿ ಹೈಬ್ರಿಡ್ 2013ರಿಂದಲೂ ಇದೆ, ಬಡಿವಾರ ಬೇಡವೆನ್ನುವವರಿಗೆ ಅದೇ ಸಾಕು. ಓಡಿಸುವ ಹುಮ್ಮಸ್ಸು ಇವುಗಳಲ್ಲಿ ಕಡಿಮೆ. ಹಿಂದೆ ಕೂತು ಹೋಗುವವರಿಗೆ ಆ ಕೊರತೆ ಗೊತ್ತೇ ಆಗುವುದಿಲ್ಲ. ಬ್ಯಾಟರಿಯ ಆರೋಗ್ಯವನ್ನು ಟೊಯೋಟಾ ಸ್ಕ್ಯಾನರ್‌ನಲ್ಲಿ ನೋಡಿಸಿ, ಕಂಪನಿಯ ಗ್ಯಾರಂಟಿ ಎಷ್ಟು ಉಳಿದಿದೆ ಎಂದು ವಿಚಾರಿಸಿ ಕೊಳ್ಳಬೇಕು.

ಗೇರ್‌ಬಾಕ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಎಂಡಬ್ಲ್ಯುವಿನ ಎಂಟು ಗೇರಿನ ಝಡ್‌ಎಫ್ ಒಳ್ಳೆಯದು. ಆಡಿಯ ಹಳೆಯ ಮಲ್ಟಿಟ್ರಾನಿಕ್ ಇರುವ ಕಾರನ್ನು, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ, ನಾನು ಮುಟ್ಟುವುದಿಲ್ಲ. ಗೇರ್ ಆಯಿಲ್ ಜೀವಮಾನಕ್ಕೆ ಸಾಕೆಂದು ಕಾರು ಕಂಪನಿಗಳು ಹೇಳುತ್ತ ಬಂದವು, ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಬದಲಿಸಿ ಎನ್ನುತ್ತದೆ. ನಂಬಬೇಕಾದದ್ದು ಝಡ್‌ಎಫ್ ಮಾತನ್ನು.

ಕಾರು ನೋಡಲು ಹೋಗುವ ಹಿಂದಿನ ದಿನವೇ ಮಾರುವವರಿಗೆ ಫೋನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಬಾನೆಟ್ ಮೇಲೆ ಕೈಯಿಟ್ಟು ಬಿಸಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬರು ಒಳಗೆ ಕೂತು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಮೊದಲ ಎರಡು ಮೂರು ಸೆಕೆಂಡು ಚೈನ್ ಗಲಗಲ ಎಂದರೆ ಟೆನ್ಷನರ್ ಸೋತಿದೆ. ಎನ್47 ಆದರೆ ವೈಪರ್ ಇರುವ ಕಡೆ ಕಿವಿಯಿಡಿ, ಸದ್ದು ಬರುವುದು ಅಲ್ಲಿಂದ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಮಾಯವಾದರೆ ವಾಲ್ವ್ ಸೀಲ್, ನಿಲ್ಲದೆ ಬಂದರೆ ರಿಂಗು ಅಥವಾ ಟರ್ಬೊ. ಬಿಳಿ ಹೊಗೆ ಸಿಹಿವಾಸನೆ ಹೊಡೆದರೆ ಕೂಲಂಟ್ ಸುಡುತ್ತಿದೆ. ಎಂಜಿನ್ ಬೆಚ್ಚಗಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಮೈ ನೋಡಿ. ಜೇನುಬಣ್ಣದ ತೆಳುಪದರವಿದ್ದರೆ ಚಿಂತೆಯಿಲ್ಲ. ಕಪ್ಪು ಮಡ್ಡಿ ಕಟ್ಟಿದ್ದರೆ ಆಯಿಲ್ ಬದಲಿಸುವ ಕೆಲಸವನ್ನು ಮುಂದೂಡುತ್ತ ಬಂದಿದ್ದಾರೆ, ಮೇಲಿನ ಕಾಯಿಲೆಗಳಲ್ಲಿ ಅರ್ಧಕ್ಕೆ ಮೂಲ ಅದೇ.

ಓಡಿದ ಕಿಲೋಮೀಟರನ್ನು ಮೀಟರಿನಲ್ಲಿ ಓದಿ ನಂಬುವುದು ಬೇಡ. ಹಿಂದಕ್ಕೆ ತಿರುಗಿಸುವವರು ಎಲ್ಲ ಊರಲ್ಲೂ ಇದ್ದಾರೆ. ಬಿಎಂಡಬ್ಲ್ಯುವಿನಲ್ಲಿ ಕಿಲೋಮೀಟರ್ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ಕೀಲಿಯಲ್ಲೂ ದಾಖಲಾಗಿರುತ್ತದೆ. ಸ್ಕ್ಯಾನರ್ ಹಾಕಿದವರು ಅವನ್ನೆಲ್ಲ ತಾಳೆ ನೋಡಿದರೆ ಮೋಸ ಸಿಕ್ಕಿಬೀಳುತ್ತದೆ. ನೀರು ನುಗ್ಗಿದ ಕಾರುಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು, 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳ ನೆಲಮಾಳಿಗೆಗಳಲ್ಲಿ ದುಬಾರಿ ಕಾರುಗಳು ಚಾವಣಿಯವರೆಗೆ ಮುಳುಗಿದ ಚಿತ್ರ ಎಲ್ಲರೂ ನೋಡಿದ್ದೇವೆ. ವಿಮಾ ಕಂಪನಿಗಳು ಹರಾಜು ಹಾಕಿದ ಇಂಥ ಕಾರುಗಳು ಒಣಗಿ, ಪಾಲಿಶ್ ಆಗಿ, ಬೇರೆ ಜಿಲ್ಲೆಯಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆಯಿದೆಯೇ ನೋಡಿ. ಡಿಕ್ಕಿಯ ನೆಲಹಾಸು ಎತ್ತಿ ತಳದ ಮೂಲೆಗಳಲ್ಲಿ ಹೂಳು ಹುಡುಕಿ. ಬಿಎಂಡಬ್ಲ್ಯುಗಳ ಬ್ಯಾಟರಿ ಇರುವುದೇ ಅಲ್ಲಿ, ನೀರು ಅಲ್ಲಿಗೆ ಬಂದಿದ್ದರೆ ವೈರಿಂಗ್ ಮುಂದಿನ ಐದು ವರ್ಷ ಕಾಡುತ್ತದೆ.

ಕಾಗದಪತ್ರದಲ್ಲೂ ಎಂಜಿನ್ ವಿಚಾರ ಇಣುಕುತ್ತದೆ. ಹಸಿರು ನ್ಯಾಯಮಂಡಳಿಯ 2015ರ ಆದೇಶ, ಸುಪ್ರೀಂ ಕೋರ್ಟಿನ 2018ರ ಆದೇಶಗಳಿಂದ ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ಲಿಗೆ ತೊಡಕಾಯಿತು. ಹತ್ತು ವರ್ಷ ಹತ್ತಿರವಾದ ಡೀಸೆಲ್ ಸೆಡಾನ್‌ಗಳು ಅಲ್ಲಿ ಅಗ್ಗವಾಗಿ ದಕ್ಷಿಣಕ್ಕೆ ಹರಿದುಬಂದವು. ಬೆಲೆ ನೋಡಿ ಮೋಹಗೊಳ್ಳುವ ಮೊದಲು ಇಲ್ಲಿನ ತೆರಿಗೆ ಲೆಕ್ಕ ಹಾಕಿ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್. ಕಾರಿನ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದಾದರೂ ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ, ಕಾರಿನ ಮೂಲ ಬೆಲೆಯ ಆಧಾರದ ಮೇಲೆ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಓಡಿಸಿದರೆ ಮರುನೋಂದಣಿ ಕಡ್ಡಾಯ. ಪುದುಚೇರಿ ನಂಬರಿನ ಕಾರುಗಳನ್ನು ಬೆಂಗಳೂರಿನ ಆರ್‌ಟಿಒ ಸಿಬ್ಬಂದಿ ಹಿಡಿದು ನಿಲ್ಲಿಸುವುದು ಇದಕ್ಕಾಗಿಯೇ. ಕರ್ನಾಟಕದ ಕಾರಾದರೆ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ಎಷ್ಟನೇ ಮಾಲೀಕರು, ಸಾಲ ತೀರಿದೆಯೇ ಎಂದು ತಿಳಿಯುತ್ತದೆ. ಮಾಲೀಕತ್ವ ಬದಲಾದ 14 ದಿನದೊಳಗೆ ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು.

ಕೊನೆಗೆ ಲೆಕ್ಕ. ಊರೊಳಗೆ ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುತ್ತೀರಿ, ಪೆಟ್ರೋಲ್ ಕಾರು ಲೀಟರಿಗೆ 9, ಡೀಸೆಲ್ 13 ಕೊಡುತ್ತದೆ ಎಂದಿಟ್ಟುಕೊಳ್ಳಿ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿಯಾದರೆ ವರ್ಷಕ್ಕೆ ಉಳಿಯುವುದು ಸುಮಾರು 35,000. ಡಿಪಿಎಫ್ ಒಂದು ಸಲ ಕಟ್ಟಿಕೊಂಡರೆ ಹಲವು ವರ್ಷಗಳ ಉಳಿತಾಯ ಹೋಯಿತು. ಹೆದ್ದಾರಿಯಲ್ಲಿ 25,000 ಕಿಲೋಮೀಟರ್ ಓಡಿಸುವವರಿಗೆ, ಪೆಟ್ರೋಲ್ 12, ಡೀಸೆಲ್ 17 ಎಂದು ಹಿಡಿದರೆ, ಉಳಿಯುವುದು 80,000ದಷ್ಟು, ಅವರ ಡಿಪಿಎಫ್ ಕಟ್ಟಿಕೊಳ್ಳುವುದೂ ಇಲ್ಲ. ಇವರಿಗೆ 2017ರ ನಂತರದ ಇ 220ಡಿ, ಬಿ47 ಇರುವ 520ಡಿ. ಊರಲ್ಲೇ ಇರುವವರಿಗೆ 330ಐ, 530ಐ, ಎ6, ಎಂ264ರ ಇ 200. ಗ್ಯಾರೇಜಿನ ಮುಖವನ್ನೇ ನೋಡುವುದು ಬೇಡವೆನ್ನುವವರಿಗೆ ಬಿಡದಿಯ ಲೆಕ್ಸಸ್. ಯಾವುದೇ ಆದರೂ ಕೊಂಡ ಬೆಲೆಯ ಹತ್ತರಲ್ಲೊಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆಯೇ ಇಡಬೇಕು.

ಹಣವೂ ಇದೆ, ಓಡಿಸುವ ಆಸೆಯೂ ಇದೆ ಎನ್ನುವವರಿಗೆ ನಾನು ತೋರಿಸುವುದು 2021ರ ಎಂ340ಐಯಲ್ಲಿರುವ ಬಿ58. ಸಾಲಾಗಿ ನಿಂತ ಆರು ಸಿಲಿಂಡರ್, ಮೂರು ಲೀಟರ್, ಟರ್ಬೊ. ಎನ್52ರ ನಯ, ಅದಕ್ಕಿಂತ ಎಷ್ಟೋ ಹೆಚ್ಚಿನ ಬಲ, ಹಿಂದಿನ ಟರ್ಬೊ ಆರುಗಳಿಗಿಂತ ಗಟ್ಟಿಯಾದ ಬ್ಲಾಕ್. ಇದನ್ನು ಕೊಳ್ಳುವಾಗ ಒಂದೇ ಮಾತು: ಈ ಎಂಜಿನ್ ಸಿಕ್ಕವರು ಸಾಫ್ಟ್‌ವೇರ್ ಬದಲಿಸಿ ಬಲ ಹೆಚ್ಚಿಸಿಕೊಳ್ಳುವುದು, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವುದು ಸಾಮಾನ್ಯ. ಮಾರುವ ಮೊದಲು ಮತ್ತೆ ಕಂಪನಿಯ ಸಾಫ್ಟ್‌ವೇರಿಗೆ ಮರಳಿಸಿರುತ್ತಾರೆ. ಸ್ಕ್ಯಾನರ್‌ನಲ್ಲಿ ಸಾಫ್ಟ್‌ವೇರ್ ಎಷ್ಟು ಸಲ ಬರೆಯಲ್ಪಟ್ಟಿದೆ ಎಂದು ನೋಡಿಸಿ, ಕಾರಿನಡಿಗೆ ಹೋಗಿ ಕನ್ವರ್ಟರ್ ಮೂಲದ್ದೇ ಎಂದು ಕಣ್ಣಾರೆ ಕಂಡ ಮೇಲೆ ಮುಂಗಡ ಕೊಡಿ.